ಕವಲೊಡೆದ ಅಕ್ಷರ

ಹನ್ನೊಂದು ಅಕ್ಷರ ಬರೆದುಕೊಟ್ಟವನು ನಾನೇ,
ಹಳೇ ರಸೀದಿಯ ಬೆನ್ನಿನ ಮೇಲೆ, ದಪ್ಪವಾಗಿ,
ಬಾಯ್ರಿಕಿಯ ಬ್ಯಾಂಕಿನ ಮೂರನೇ ಕಿಂಡಿಯಲ್ಲಿ ಕೂತು.
ಮೊದಲ ನಾಲ್ಕು ಬ್ಯಾಂಕಿನವು, ಆಮೇಲೆರಡು ದೇಶದವು,
ಇನ್ನೆರಡು ಊರಿನವು. ಕಡೆಯ ಮೂರು ಎಕ್ಸು
ಯಾವ ಶಾಖೆಯೂ ಅಲ್ಲ, ಮುಖ್ಯ ಕಚೇರಿ ಅಂತ.

ನೇ ಬ್ವಾಕುರಾ ಆ ಎಕ್ಸುಗಳನ್ನು ಕಂಡು
ಹಣೆ, ಎದೆ, ಹೆಗಲು ಮುಟ್ಟಿಕೊಂಡಳು.
"ಮೂರು ಶಿಲುಬೆ ಯಾಕಪ್ಪಾ? ಯಾರು ಸತ್ತರು?"
ಅವಳ ತಪ್ಪಲ್ಲ. ನಮ್ಮ ಭಾಷೆಗಿರುವುದು ಹದಿಮೂರೇ ಅಕ್ಷರ,
ಎಕ್ಸು ಅದರಲ್ಲಿಲ್ಲ. ಎಸ್ಸೂ ಇಲ್ಲ.
ಸ ಅನ್ನಬೇಕಾದಲ್ಲಿ ಟಿ, ಐ ಬರೆದು
ಮಿಕ್ಕದ್ದನ್ನು ನಾಲಿಗೆಗೆ ಬಿಡುತ್ತೇವೆ:
ಕಿರಿಬಾಟಿ ಎಂದು ಬರೆದು ಕಿರಿಬಾಸ್ ಎನ್ನುತ್ತೇವೆ.
ಬರೆದಂತೆಯೇ ಓದಿದವನು ಪರಊರಿನವನು.
ಆ ಸಾಲಿನಲ್ಲಿ ನಮ್ಮವೆನ್ನಲು ಇದ್ದದ್ದು
ನಡುವಿನ ಕೆ, ಐ.

ಅವಳ ತಮ್ಮ ಕೊಕೊರಿಯಾ
ಜರ್ಮನರ ಕಂಟೇನರ್ ಹಡಗಿನಲ್ಲಿ ಅಡುಗೆಯವನು.
ಹ್ಯಾಂಬರ್ಗಿನಲ್ಲಿ ಇಳಿದವನೇ, ಅಕ್ಕನ ನೀರಿನ ತೊಟ್ಟಿಗೆಂದು
ಸಾವಿರದೆಂಟುನೂರು ಡಾಲರು ಕಟ್ಟಿದ.
ಐದು ಸಾವಿರ ಲೀಟರಿನ ಹಸಿರು ತೊಟ್ಟಿ
ಆಗಲೇ ಬೇಸೊ ಧಕ್ಕೆಯಲ್ಲಿ
ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು.

ದುಡ್ಡು ಬರಲಿಲ್ಲ.
ಮೊದಲ ವಾರ ದಿನರೇಖೆಯನ್ನು ದೂರಿದೆ:
ನಮ್ಮ ಸೋಮವಾರ ಅವರಿಗಿನ್ನೂ ಭಾನುವಾರ,
ಅವರ ಶುಕ್ರವಾರ ನಮಗಾಗಲೇ ಶನಿವಾರ,
ನ್ಯೂಯಾರ್ಕೂ ನಾವೂ ಒಟ್ಟಿಗೆ ಬಾಗಿಲು ತೆರೆಯುವುದು
ವಾರಕ್ಕೆ ನಾಲ್ಕೇ ದಿನ.
ಎರಡನೇ ವಾರ ಸಿಡ್ನಿಯನ್ನು ದೂರಿದೆ.
ಮೂರನೇ ವಾರ ಅವಳೇ ಅಂದಳು,
"ಮೀನಿನ ಬಾಯಿಗೆ ಕಚ್ಚಿಸಿ ಬಿಟ್ಟಿದ್ದರೂ
ಇಷ್ಟು ಹೊತ್ತಿಗೆ ಬಂದಿರುತ್ತಿತ್ತು."

ಆಮೇಲೆ ತಿಳಿಯಿತು. ಅಲ್ಲಿನ ಗುಮಾಸ್ತ ನಕಲು ಮಾಡುವಾಗ
ನೆಟ್ಟಗೆ ಗೂಟದಂತೆ ನಿಂತಿದ್ದ ಐ
ತಲೆಯಲ್ಲಿ ಕವಲೊಡೆದು ವೈ ಆಗಿತ್ತು.
ಕೆ, ವೈ ಅಂದರೆ ಕೇಮನ್.
ಅದೂ ದ್ವೀಪವೇ, ಇನ್ನೊಂದು ಸಮುದ್ರದ್ದು.
ಅದೇ ನಾಲ್ಕಕ್ಷರದ ಬ್ಯಾಂಕು ಅಲ್ಲೂ ಒಂದಿತ್ತಂತೆ.

"ಅಲ್ಲಿ ಜನ ಇದ್ದಾರಾ?"
ಜನಕ್ಕಿಂತ ಕಂಪನಿಗಳು ಹೆಚ್ಚು ಎಂದೆ.
"ಅವು ನೀರಿಗೇನು ಮಾಡುತ್ತವೆ?"
ಹೇಳಲು ತಿಳಿಯಲಿಲ್ಲ.
"ಹಾಗಾದರೆ ಅಲ್ಲಿ ಬುಬುಸಿ ಕೇಳಲು ಯಾರೂ ಇಲ್ಲ,"
ತಾನೇ ತೀರ್ಮಾನ ಕೊಟ್ಟಳು.

ಬುಬುಸಿ ಅಂದರೆ, ನೆಂಟನೊಬ್ಬ ಬಾಯಿಬಿಟ್ಟು ಕೇಳಿದರೆ
ಇಲ್ಲ ಅನ್ನುವಂತಿಲ್ಲ:
ದೋಣಿಯಾಗಲಿ, ತೊಟ್ಟ ಅಂಗಿಯಾಗಲಿ, ಕೂತ ಚಾಪೆಯಾಗಲಿ.
ಇವತ್ತು ಕೊಟ್ಟವನು ನಾಳೆ ಕೇಳಬಹುದು, ಅದೇ ಬಡ್ಡಿ.
ಇಲ್ಲ ಎಂದವನ ಹೆಸರು ಮನೆಯಾಬಾದ ಸೂರಿನಡಿ
ಮೂರು ತಲೆಮಾರು ನಾರುತ್ತದೆ.

ನನಗೆ ಹೊಳೆಯಬೇಕಿತ್ತು.
ಅವಳು ಕಿಂಡಿಗೆ ಮುಖವಿಟ್ಟು, ಮೆಲ್ಲಗೆ,
ನನ್ನ ಅಜ್ಜಿಯ ತಂಗಿಯ ಹೆಸರು ಹೇಳಿದಳು.
ಗಾಜಿನ ಆಚೆಗೊಬ್ಬರು ಈಚೆಗೊಬ್ಬರು ನೆಂಟರಾದೆವು.
ಆಮೇಲೆ ಕೇಳಿದಳು, ನನ್ನ ಮನೆಯ ತೊಟ್ಟಿಯನ್ನು.

ಶನಿವಾರ ನಾಲ್ಕು ಹುಡುಗರು ಅದನ್ನು ಉರುಳಿಸಿಕೊಂಡು
ಒಡ್ಡುದಾರಿಯ ಮೇಲೆ ಹೋದರು,
ಎಡಕ್ಕೆ ಲಗೂನು, ಬಲಕ್ಕೆ ಕಡಲು,
ತಳದಲ್ಲಿ ಉಳಿದಿದ್ದ ಬೊಗಸೆ ನೀರು ಒಳಗೇ ಗುಡುಗುತ್ತ.
ನನ್ನ ಹೆಂಡತಿ ಬಾವಿಗೆ ಕೊಡ ಇಳಿಸಿದಳು. ಉಪ್ಪು.
ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನಲವತ್ತೊಂದನೇ ದಿನ ದುಡ್ಡು
ಹ್ಯಾಂಬರ್ಗಿಗೆ ಮರಳಿ, ಅಲ್ಲಿಂದ ಹೊರಟು, ಬಂತು.
ದಾರಿಯಲ್ಲಿ ಮೂರು ಬ್ಯಾಂಕು ಕೈಯದ್ದಿದ್ದವು,
ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.
ಉಳಿದದ್ದು ಸಾವಿರದ ಆರುನೂರ ಹದಿನೇಳು.
ಧಕ್ಕೆಯ ಹಸಿರು ತೊಟ್ಟಿ ಅಷ್ಟರಲ್ಲಿ
ಯಾರಿಗೋ ಮಾರಿಹೋಗಿತ್ತು,
ಮುಂದಿನ ಹಡಗು ನವೆಂಬರಿಗೆ.

ಎಣಿಸಿ ಕೊಟ್ಟೆ.
ಹನ್ನೊಂದು ಅಕ್ಷರ ಮತ್ತೆ ಬರೆಸಿಕೊಂಡಳು.
ಈ ಸಲ ಐಗೆ ತಲೆಗೊಂದು ಕಾಲಿಗೊಂದು
ಅಡ್ಡಪಟ್ಟಿ ಹೊಡೆದೆ, ಇನ್ನು ಚಿಗುರದಂತೆ.
ಚೀಟಿ ಮಡಿಸಿ ಎದೆಯೊಳಗಿಟ್ಟುಕೊಂಡು
ಅಲ್ಲೇ ನಿಂತಳು, ಹೋಗದೆ, ನನ್ನನ್ನೇ ನೋಡುತ್ತ.
ನಾನು ಕೇಳಬಹುದಿತ್ತು.
ಕೇಳಿದ್ದರೆ ಅವಳು ಇಲ್ಲ ಅನ್ನುವಂತಿರಲಿಲ್ಲ.
ಬಾಯಿ ತೆರೆದೆ.
ಅವಳ ಹಿಂದೆ ಸಾಲು ಬಾಗಿಲವರೆಗೂ ಇತ್ತು.
"ಮುಂದಿನವರು," ಎಂದೆ.